ಹಳೇ ಟ್ರ್ಯಾಕ್ಟರ್‌ಗೆ ಚೈನ್ ಕಟ್ಟೂ ಮುಂಚೆ ಟ್ರಾಲಿ ಕಡೆ ನೋಡ್ರಿ

1/8

ಈ ವಾರ ಒಂದೇ ರೀಲ್‌ನ್ನ ಆರು ಮಂದಿ ನನಗ ಕಳಿಸೀರಿ. ಯಾವುದೋ ದೇಶದ ಕೆಸರು ಹೊಲ. ಹಳೇ ಟ್ರ್ಯಾಕ್ಟರ್ ಒಂದು, ಮುಂದ ಮಾಮೂಲಿ ಟೈರ್. ಹಿಂದಿನ ದೊಡ್ಡ ಗಾಲಿಗೂ ಅದರ ಮುಂದ ಹೆಚ್ಚುವರಿ ಕೂಡಿಸಿದ ಸಣ್ಣ ಗಾಲಿಗೂ ಸೇರಿಸಿ ಸುತ್ತಿದ ಕಬ್ಬಿಣದ ಪಟ್ಟಾ. ಗಾಡಿ ಕೆಸರಿನಾಗ ಎಮ್ಮಿ ಹೋದಂಗ ಆರಾಮ ಹೋಗ್ತದ. ಇದಕ್ಕ ಹಾಫ್ ಟ್ರ್ಯಾಕ್ ಅಂತಾರ. ಹಿಟಾಚಿ, ಡೋಜರ್, ಭತ್ತ ಕೊಯ್ಯೋ ಮಷೀನ್, ಎಲ್ಲದರ ಪಟ್ಟಾಕ್ಕೂ ನಾವು "ಚೈನ್" ಅನ್ನೋದರಿಂದ ನಾನೂ ಚೈನ್ ಅಂತಲೇ ಬರೀತೀನಿ.

ರೀಲ್ ನೋಡಿ ನಕ್ಕು ಬಿಡೋದಾಗಿದ್ರ ಈ ಸೀರೀಸ್ ಬೇಕಾಗಿರಲಿಲ್ಲ. ಆದ್ರ ಕ್ಲಾಸ್‌ನ ಐದು ಮಂದಿ ಒಂದು ಪ್ಲ್ಯಾನ್ ಹಾಕ್ಯಾರ. ಆಳಂದ, ಅಫಜಲಪುರ, ಜೇವರ್ಗಿ, ಮೂರೂ ತಾಲೂಕಿನವರು ಅದರಾಗ ಇದ್ದಾರ. ತಲಾ 40 ಸಾವಿರ, ಒಟ್ಟು 2 ಲಕ್ಷ. ಹೊರದೇಶದಿಂದ ಹಳೇ ಚೈನ್ ಸೆಟ್ ತರಿಸೋದು, ಆಗದಿದ್ರ ಅದನ್ನೇ ನೋಡಿ ಇಲ್ಲಿ ವೆಲ್ಡಿಂಗ್ ಮಾಡಿಸೋದು. ಮನಿಯ ಹಳೇ ಟ್ರ್ಯಾಕ್ಟರ್‌ಗೆ ಕಟ್ಟಿ ಮಳಿಗಾಲದಾಗ ಬಾಡಿಗಿಗೆ ಬಿಡೋದು. ಐದು ಮಂದಿಯೊಳಗ ಮೂವರಿಗೆ 40 ಸಾವಿರ ಅಂದ್ರ ಅವ್ವನ ಬಂಗಾರ ಅಡ ಇಡೋದು. ಅದು ಅವರಿಗೂ ಗೊತ್ತದ, ನನಗೂ ಗೊತ್ತದ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ: ತರಬ್ಯಾಡ್ರಿ. ಚೈನ್ ಕೆಟ್ಟದ್ದು ಅಂತ ಅಲ್ಲ, ಅದು ಭಾರಿ ಚೆಂದ ವಿಚಾರ. ನಮ್ಮ ಮೂರು ತಾಲೂಕಿನಾಗ ಕೆಸರಿನಾಗ ಸಿಗೋದು ಬ್ಯಾರೇನೋ ಅದ, ಅದಕ್ಕ ಚೈನ್ ಕಟ್ಟಲಿಕ್ಕೆ ಆಗೂದಿಲ್ಲ. ಅದೇನು ಅಂತ ಭಾಗ 5ರಾಗ ಬರ್ತದ. ಮೊದಲು ಈ ಸಾಮಾನು ಎಲ್ಲಿಂದ ಬಂತು ನೋಡೋಣ.

2/8

ಮೊದಲ ಮಹಾಯುದ್ಧ ಮುಗಿದ ಮ್ಯಾಲೆ, 1919ರಲ್ಲಿ, ಇಂಗ್ಲೆಂಡ್‌ನಾಗ ರೋಡ್‌ಲೆಸ್ ಟ್ರ್ಯಾಕ್ಷನ್ ಅನ್ನೋ ಕಂಪನಿ ಶುರುವಾತು. ಹೆಸರಿನಾಗೇ ಅದ ನೋಡ್ರಿ, ರಸ್ತೆ ಇಲ್ಲದ ಕಡೆ ಎಳೆಯೋದು. ಟ್ಯಾಂಕ್‌ನಿಂದ ಕಲಿತ ವಿದ್ಯೆಯನ್ನ ಲಾರಿಗೆ, ಆಮ್ಯಾಲೆ ಫೋರ್ಡ್‌ಸನ್ ಟ್ರ್ಯಾಕ್ಟರ್‌ಗೆ ಹಾಕಿದ್ರು. ಕೆನಡಾದಾಗ ಬೊಂಬಾರ್ಡಿಯರ್ ಕಂಪನಿ ಹಿಮದ ಗಾಡಿ ಮಾಡ್ತಿತ್ತು. 1940ರ ದಶಕದ ಕೊನೆಗೆ ಟ್ರ್ಯಾಕ್ಟರ್ ಟೈರ್ ಮ್ಯಾಲೇ ಸುತ್ತೋ ಚೈನ್ ಸೆಟ್ ತಂತು. ಟೈರ್ ಬಿಚ್ಚೋದು ಬ್ಯಾಡ, ಸುತ್ತಿ ಬಿಗಿದ್ರ ಆತು. ದೆಹಲಿ ಮೆಟ್ರೋದಾಗ ಓಡೋ ಡಬ್ಬಿಗಳಲ್ಲಿ ಎಷ್ಟೋ ಇದೇ ಬೊಂಬಾರ್ಡಿಯರ್ ಹೆಸರಿನವು, ಗುಜರಾತಿನ ಸಾವ್ಲಿಯಲ್ಲಿ ತಯಾರಾದವು. ಹಿಮದ ಗಾಡಿಯಿಂದ ಮೆಟ್ರೋ ತನಕ ಒಂದೇ ಕಂಪನಿ! ಕಾಮರ್ಸ್ ಹುಡುಗರಿಗೆ ಇಂಥಾವು ಇಷ್ಟ ಆಗ್ತಾವ ಅಂತ ಬರದೀನಿ.

ಇನ್ನೊಂದು ಕಥಿ ನಮ್ಮೂರಿಗೆ ಹತ್ತಿರದ್ದು. ಎವರೆಸ್ಟ್ ಹತ್ತಿದ ಎಡ್ಮಂಡ್ ಹಿಲರಿ 1958ರ ಜನವರಿ 4ಕ್ಕ ದಕ್ಷಿಣ ಧ್ರುವ ಮುಟ್ಟಿದ್ದು ಮೂರು ಫರ್ಗುಸನ್ ಟ್ರ್ಯಾಕ್ಟರ್ ಮ್ಯಾಲೆ, ಗಾಲಿಗೆ ಪಟ್ಟಾ ಸುತ್ತಿಕೊಂಡು. ಆ ಸಣ್ಣ ಫರ್ಗುಸನ್ ವಂಶದಾಗೇ ಮುಂದ ಮ್ಯಾಸ್ಸಿ ಫರ್ಗುಸನ್ 35 ಬಂತು, ಅದರ ಬೆನ್ನಿಗೆ ನಮ್ಮ 1035. ನಿಮ್ಮ ಮಾಮಾ, ಕಾಕಾ ಯಾರ ಅಂಗಳದಾಗಾದ್ರೂ ಒಂದು ಕೆಂಪು 1035 ನಿಂತಿರ್ತದ. ಅದರ ಅಜ್ಜ ಧ್ರುವಕ್ಕ ಹೋಗಿ ಬಂದಾನ.

ಹಿಂಗ ಕೇಳಿದ ಮ್ಯಾಲೆ ಯಾರಿಗಾದ್ರೂ ಆಸೆ ಆಗ್ತದ, ನನಗೂ ಆಗ್ಯದ. ಆದ್ರ ಹಿಲರಿ ಹೋದದ್ದು ಒಣ ಹಿಮದ ಮ್ಯಾಲೆ. ಎರಿ ಮಣ್ಣಿನ ಮ್ಯಾಲೆ ಅಲ್ಲ.

3/8

ಈಗ ಸ್ವಲ್ಪ ಲೆಕ್ಕ. ಸ್ವೈಪ್ ಮಾಡ್ರಿ, ಎರಡನೇ ಫೋಟೋದಾಗ ನನ್ನ ನೋಟ್‌ಬುಕ್ ಹಾಳಿ ಅದ.

ಗಾಡಿ ಮುಳುಗೋದು ಬರೀ ತೂಕದಿಂದ ಅಲ್ಲ. ತೂಕವನ್ನ ನೆಲಕ್ಕ ತಾಗೋ ಜಾಗದಿಂದ ಭಾಗಿಸಬೇಕು. ಹಳೇ 1035 ಸುಮಾರು 1,700 ಕೆಜಿ. ಅದರಾಗ ಹಿಂದಿನ ಎರಡು ಗಾಲಿ ಮ್ಯಾಲೆ 1,100 ಕೆಜಿ ಅನ್ಕೋರಿ. ಟೈರ್‌ನಾಗ ಎಷ್ಟು ಗಾಳಿ ಒತ್ತಡ ಇರ್ತದೋ, ನೆಲದ ಮ್ಯಾಲೆ ಬೀಳೋ ಒತ್ತಡವೂ ಸುಮಾರು ಅಷ್ಟೇ. 12 ಪಿಎಸ್‌ಐ ಇಟ್ರ ಒಂದು ಚದರ ಸೆಂಟಿಮೀಟರ್‌ಗೆ 0.84 ಕೆಜಿ.

ಅದೇ ಗಾಡಿಗೆ ಚೈನ್ ಕಟ್ರಿ. ಪ್ರತಿ ಪಟ್ಟಾ 25 ಸೆಂ.ಮೀ. ಅಗಲ, 100 ಸೆಂ.ಮೀ. ಉದ್ದ ನೆಲಕ್ಕ ತಾಗ್ತದ ಅಂದ್ರ ಎರಡೂ ಕಡೆ ಕೂಡಿ 5,000 ಚದರ ಸೆಂ.ಮೀ. ಚೈನ್‌ನ ಸ್ವಂತ ತೂಕ ಅರ್ಧ ಟನ್ ಅಂತ ಹಿಡಿದ್ರ ಒಟ್ಟು 1,600 ಕೆಜಿ. ಭಾಗಿಸಿದ್ರ 0.32. ನೀವು ಹೊಲದಾಗ ಒಂಟಿ ಕಾಲಿನ ಮ್ಯಾಲೆ ನಿಂತ್ರ ಹೆಚ್ಚುಕಮ್ಮಿ ಅಷ್ಟೇ ಒತ್ತಡ ಬೀಳ್ತದ.

ತೂಕ ಅರ್ಧ ಟನ್ ಹೆಚ್ಚಾತು, ಒತ್ತಡ ಅರ್ಧಕ್ಕಿಂತ ಕಮ್ಮಿ ಆತು. ರೀಲ್‌ನಾಗಿನ ಜಾದೂ ಇಷ್ಟೇ. ಇದು ಸುಳ್ಳಲ್ಲ. "ಅಲ್ಲಿ ನಡೀತದ ಅಂದ್ರ ಇಲ್ಲೂ ನಡೀತದ" ಅನ್ನೋ ದೋಸ್ತರ ಮಾತಿಗೆ ಆಧಾರ ಇದೇ. ಅದಕ್ಕೇ ನಾನು ಅವರನ್ನ ಹುಚ್ಚರು ಅನ್ನೋದಿಲ್ಲ.

4/8

ಆದ್ರ ಎರಿ ಮಣ್ಣು ಬ್ಯಾರೆ ಜಾತಿ. ಒಣಗಿದ್ರ ಕಾಲು ಹೋಗುವಂಥಾ ಬಿರುಕು, ತೊಯ್ದ್ರ ಉಬ್ಬಿ ಅಂಟು. ಜುಲೈನಾಗ ಚಪ್ಪಲಿ ಹಾಕ್ಕೊಂಡು ಹೊಲಕ್ಕ ಇಳದವರಿಗೆ ಹೇಳೋದು ಬ್ಯಾಡ, ಹತ್ತು ಹೆಜ್ಜಿಗೆ ಒಂದೊಂದು ಕಾಲಿಗೆ ಎರಡೆರಡು ಕೆಜಿ ಮಣ್ಣು. ಚೈನ್‌ನ ಕೀಲು ಕೀಲಿನ ಸಂದಿಯೊಳಗೂ ಅದೇ ಮಣ್ಣು ಹೊಕ್ಕು ಗಟ್ಟಿ ಆಗ್ತದ. ಮುಂದಿನ ಸಣ್ಣ ಗಾಲಿ ಸುತ್ತ ತುಂಬಿಕೊಂಡ್ರ ಪಟ್ಟಾ ಬಿಗಿದು ಬಿಗಿದು ಪಿನ್ ತಿಂತದ, ಇಲ್ಲಾ ಹಳಿ ತಪ್ಪಿದ ರೈಲಿನಂಗ ಕಳಚಿ ಬೀಳ್ತದ. ಕೆಸರಿನ ನಡು ಹೊಲದಾಗ ಕಳಚಿದ ಕಬ್ಬಿಣದ ಪಟ್ಟಾ ಮತ್ತ ಏರಿಸೋದು ಯಾರು?

ಎರಿ ಭೂಮಿಯಾಗ ಚೈನ್ ಟ್ರ್ಯಾಕ್ಟರ್ ಓಡೇ ಇಲ್ಲ ಅಂತ ಅಲ್ಲ. ಸ್ವಾತಂತ್ರ್ಯ ಬಂದ ಹೊಸದರಾಗ ಸೆಂಟ್ರಲ್ ಟ್ರ್ಯಾಕ್ಟರ್ ಆರ್ಗನೈಸೇಷನ್ ಅಂತ ಕೇಂದ್ರ ಸರ್ಕಾರದ ಸಂಸ್ಥೆ ಇತ್ತು. ಮಧ್ಯ ಭಾರತದ ಕಪ್ಪು ಭೂಮಿಯಾಗ ಕಾನ್ಸ್ ಅನ್ನೋ ಹುಲ್ಲು ಬೇರುಬಿಟ್ಟು ಲಕ್ಷಗಟ್ಟಲೆ ಎಕರೆ ಪಾಳು ಬಿದ್ದಿತ್ತು. ಅದನ್ನ ಆಳಕ್ಕ ಉಳುಮಿ ಮಾಡಿ ಕೀಳಲಿಕ್ಕೆ, ಯುದ್ಧ ಮುಗಿದ ಮ್ಯಾಲೆ ಅಮೆರಿಕದ ಸೈನ್ಯ ಬಿಟ್ಟುಹೋದ ಹಳೇ ಚೈನ್ ಟ್ರ್ಯಾಕ್ಟರ್‌ನಿಂದಲೇ ಶುರು ಮಾಡಿದ್ರು. 1949ರಲ್ಲಿ ವಿಶ್ವ ಬ್ಯಾಂಕ್ ಭಾರತಕ್ಕ 1 ಕೋಟಿ ಡಾಲರ್ ಸಾಲ ಕೊಟ್ಟದ್ದು ಇಂಥಾ ದೊಡ್ಡ ಟ್ರ್ಯಾಕ್ಟರ್ ತರಲಿಕ್ಕೆ.

ಎರಡು ವಿಷಯ ಗಮನಿಸ್ರಿ. ಅವು ಪೂರಾ ಚೈನ್ ಗಾಡಿಗಳು, ಅರ್ಧ ಅಲ್ಲ. ಮತ್ತ ಅವುಗಳ ಹಿಂದ ಸರ್ಕಾರದ ವರ್ಕ್‌ಶಾಪ್, ಮೆಕ್ಯಾನಿಕ್‌ಗಳು, ಸ್ಪೇರ್ ಪಾರ್ಟ್ ಗೋದಾಮು ಇತ್ತು. ನಮ್ಮ ಹಿಂದ ಏನದ? ರಿಂಗ್ ರೋಡ್‌ನ ಒಂದು ವೆಲ್ಡಿಂಗ್ ಅಂಗಡಿ, ಅದೂ ರವಿವಾರ ಬಂದ್.

5/8

ಈಗ ಅಫಜಲಪುರಕ್ಕ ಬರೋಣ, ಯಾಕಂದ್ರ ಈ ಪ್ಲ್ಯಾನ್‌ನ ಜೀವ ಇರೋದೇ ಅಲ್ಲಿ. ಭೀಮಾ ದಂಡಿಗೆ ಕಬ್ಬು. ಹಾವಳಗಾ ಫ್ಯಾಕ್ಟರಿ ಅದ, ಆಳಂದ ಕಡೆ ಭೂಸನೂರ ಫ್ಯಾಕ್ಟರಿ ಅದ. 2020ರ ಅಕ್ಟೋಬರ್ ಮತ್ತ 2025ರ ಸೆಪ್ಟೆಂಬರ್‌ನಾಗ ಭೀಮಾ ಹೆಂಗ ಉಕ್ಕಿ ಬಂತು ಅಂತ ನಿಮಗ ನಾ ಹೇಳಬೇಕಿಲ್ಲ. ಅಂಥಾ ವರ್ಷ ಕಟಾವಿನ ಟೈಮ್‌ಗೂ ಹೊಲದಾಗ ಒಳಗೊಳಗೇ ಹಸಿ ಇರ್ತದ. ಟ್ರಾಲಿ ತುಂಬಿ ಹೊರಡೋ ಹೊತ್ತಿಗೆ ಟ್ರ್ಯಾಕ್ಟರ್ ಸಿಕ್ಕಿಬೀಳ್ತದ. ಎರಡನೇ ಟ್ರ್ಯಾಕ್ಟರ್ ತಂದು ಮುಂದ ಕಟ್ತಾರ, ಅದೂ ಸಾಲದ್ರ ಮೂರನೇದು. ಆಗ ಮೊಬೈಲ್ ತೆಗೆದು ರೀಲ್ ಮಾಡೋರು ನಾವೇ.

ಅಲ್ಲಿ ಸಿಕ್ಕಿಬಿದ್ದದ್ದು ಯಾವುದು? ಸರಿಯಾಗಿ ನೋಡ್ರಿ. ಟ್ರ್ಯಾಕ್ಟರ್ ಅಲ್ಲ. ಟ್ರಾಲಿ.

ಒಂದು ಟ್ರಾಲಿ ಕಬ್ಬು 10 ಟನ್, ಟ್ರಾಲಿ ತೂಕ 2 ಟನ್ ಅಂತ ಹಿಡೀರಿ. ನಾಲ್ಕು ಗಾಲಿ, ಒಂದೊಂದರ ಮ್ಯಾಲೆ 3 ಟನ್. ಅಷ್ಟು ತೂಕ ಹೊರಲಿಕ್ಕೆ ಆ ಸಣ್ಣ ಟೈರ್‌ನಾಗ 50 ಪಿಎಸ್‌ಐ ಗಾಳಿ ಹಾಕ್ಯಾರ ಅಂದ್ರೂ ನೆಲದ ಮ್ಯಾಲೆ ಚದರ ಸೆಂ.ಮೀ.ಗೆ 3.5 ಕೆಜಿ ಒತ್ತಡ. ಚೈನ್ ಕಟ್ಟಿದ ಟ್ರ್ಯಾಕ್ಟರ್‌ದು 0.32 ಇತ್ತು, ನೆನಪದಲ್ಲ? ಹತ್ತು ಪಟ್ಟಿಗಿಂತ ಹೆಚ್ಚು. ಹಸಿ ಎರಿ ಅದನ್ನ ತಾಳೋದಿಲ್ಲ, ಗಾಲಿ ಅಚ್ಚಿನ ತನಕ ಇಳೀತದ. ಆಮ್ಯಾಲೆ ಟ್ರಾಲಿ ಗಾಲಿ ಉರುಳೋದಿಲ್ಲ, ಮಣ್ಣನ್ನ ಮುಂದ ಮುಂದ ದಬ್ತದ. ನೀವು 2 ಲಕ್ಷ ಹಾಕಿ ಟ್ರ್ಯಾಕ್ಟರ್‌ನ್ನ ತೇಲಿಸಿದ್ರಿ, ಆದ್ರ ಮುಳುಗಿದವ ಹಿಂದ ಹಂಗೇ ಕುಂತಾನ.

6/8

ಇಷ್ಟಾಗಿದ್ರ ಬರೀ ರೊಕ್ಕ ಹೋತು ಅನ್ನಬಹುದಿತ್ತು. ನನಗ ಹೆದರಿಕಿ ಇರೋದು ಮುಂದಿನ ಮಾತಿನ ಬಗ್ಗೆ. ಕಬ್ಬಿನ ಟ್ರ್ಯಾಕ್ಟರ್ ಓಡಿಸೋರು ಇದೊಂದು ಭಾಗ ಪೂರ್ತಿ ಓದ್ರಿ.

ಹಳೇ ಟ್ರ್ಯಾಕ್ಟರ್‌ಗೆ ಗಾಲಿ ಜಾರೋದೇ ಫ್ಯೂಸ್ ಇದ್ದಂಗ. ಲೋಡ್ ಹೆಚ್ಚಾದ್ರ ಟೈರ್ ಗರ್ರ ಅಂತ ತಿರುಗ್ತದ, ಏನೂ ಮುರಿಯೋದಿಲ್ಲ. ನೀವು ಗಾಲಿ ಜಾರದಂಗ ಹಿಡಿತ ಕೊಟ್ರಿ ಅಂದ್ರ ಇಂಜಿನ್‌ನ ಪೂರಾ ತಾಕತ್ತು ಆಕ್ಸಲ್ ಶಾಫ್ಟ್, ಕ್ರೌನ್-ಪಿನಿಯನ್ ಮ್ಯಾಲೆ ಬೀಳ್ತದ. ಮೂವತ್ತು ವರ್ಷದ ಹಳೇ ಹಲ್ಲು. ಯಾವುದು ಸೋತದೋ ಅದು ಮುರೀತದ. 1035ಕ್ಕ ಪಾರ್ಟ್ ಕಲಬುರಗಿಯಾಗ ಸಿಗ್ತಾವ. ನಿಮ್ಮದು ಹಳೇ ಎಚ್‌ಎಂಟಿ ಆಗಿದ್ರ ಆ ಟ್ರ್ಯಾಕ್ಟರ್ ಕಾರ್ಖಾನಿ ಮುಚ್ಚಲಿಕ್ಕೆ ಕೇಂದ್ರ ಸರ್ಕಾರ 2016ರಲ್ಲೇ ಒಪ್ಪಿಗೆ ಕೊಟ್ಟದ.

ಎರಡನೇದು ಇನ್ನೂ ಕೆಟ್ಟದ್ದು. ಹಿಂದ ಟ್ರಾಲಿ ಕದಲೂದಿಲ್ಲ, ಹಿಂದಿನ ಗಾಲಿ ಜಾರೂದಿಲ್ಲ, ಮ್ಯಾಲೆ ಕುಂತವ ಕ್ಲಚ್ ಒಮ್ಮೆಲೆ ಬಿಡ್ತಾನ. ಆಗ ತಿರುಗಲಿಕ್ಕೆ ಉಳಿದದ್ದು ಒಂದೇ, ಟ್ರ್ಯಾಕ್ಟರ್‌ನ ಮೈ. ಮುಂದಿನ ಗಾಲಿ ಎದ್ದು ಗಾಡಿ ಹಿಂದಕ್ಕ ಮಗುಚಲಿಕ್ಕೆ ಬ್ರೇಕ್ ತುಳಿಯುವಷ್ಟೂ ಟೈಮ್ ಸಿಗೂದಿಲ್ಲ. ಹಳೇ ಗಾಡಿಗೆ ತಲಿ ಮ್ಯಾಲೆ ರೋಲ್ ಬಾರ್ ಇರೂದಿಲ್ಲ. ಕೆಳಗಿನ ಹುಕ್ ಬಿಟ್ಟು ಎತ್ತರದಾಗ ಹಗ್ಗಾನೋ ಸರಪಳಿನೋ ಕಟ್ಟಿ ಎಳೆದ್ರಂತೂ ಕೇಳೋದೇ ಬ್ಯಾಡ. ಮುಂದಿನ ಗಾಲಿ ಎತ್ತಿ ಹೋಗೋ ರೀಲ್‌ಗಳಿಗೆ ಬೆಂಕಿ ಇಮೋಜಿ ಹಾಕ್ತೀವಲ್ಲ, ಅದು ಸ್ಟೈಲ್ ಅಲ್ಲ, ಹೆಣ ಬೀಳೂಕಿಂತ ಒಂದು ಗೇಣು ಮೊದಲು ಅಷ್ಟೇ.

ಚೈನ್‌ನ ಮುಂದಿನ ಸಣ್ಣ ಗಾಲಿ ಇದನ್ನ ಸ್ವಲ್ಪ ತಡೀತದ ಅಂತ ವಾದ ಮಾಡಬಹುದು. ಸ್ವಲ್ಪ. ಊರಾಗ ಅಂದಾಜಿಗೆ ವೆಲ್ಡಿಂಗ್ ಮಾಡಿಸಿದ್ದಕ್ಕ ಆ ಮಾತು ಅನ್ವಯ ಆಗ್ತದ ಅಂತ ಯಾರು ಬರೆದು ಕೊಡ್ತಾರ?

ಹಸಿ ವರ್ಷದ ಕಬ್ಬಿಗೆ ನಮ್ಮ ಹಿರಿಯರು ಮಾಡೋದು ಸಪ್ಪಗ ಕಾಣ್ತದ, ಆದ್ರ ಸರಿ ಅದ. ಟ್ರಾಲಿ ರಸ್ತಿ ದಂಡಿಗೇ ನಿಲ್ಲಿಸಿ ಹೊರೆ ಹೊತ್ತು ತರೋದು. ಎತ್ತಿನ ಬಂಡಿಲೆ ಹೊರಗ ತರೋದು. ಅರ್ಧ ಟ್ರಾಲಿ ತುಂಬಿ ಎರಡು ಸುತ್ತು ಹೊಡೆಯೋದು. ನಾಟಿ ಮಾಡೋವಾಗಲೇ ಹೊಲದ ನಡುವ ಒಂದು ಗಾಡಿ ದಾರಿ ಬಿಟ್ರ ಇನ್ನೂ ಚಲೋ.

7/8

ಆಳಂದದ ಮಾತು ಎರಡೇ ಸಾಲು. ಅಲ್ಲಿ ತೊಗರಿ, ಜೋಳ, ಮಳಿ ಆಧಾರದ ಹೊಲ. ಹೊಲ ಹದಕ್ಕ ಬರೋ ಮುಂಚೆ ಚೈನ್ ಅದ ಅಂತ ಒಳಗ ನುಗ್ಗಿದ್ರ ಹಸಿ ಎರಿ ಅರೆದಂಗ ಆಗಿ, ಒಣಗಿದ ಮ್ಯಾಲೆ ಕಲ್ಲಿನಂಥಾ ಹೆಂಟಿ ಏಳ್ತಾವ, ಬಿತ್ತಿಗಿ ಕೆಡ್ತದ. ಒಳಗ ಹೋಗಲಿಕ್ಕೆ ಆಗದೇ ಇರೋದು ಅಲ್ಲಿ ಒಂದು ರೀತಿ ಕಾವಲು.

ಜೇವರ್ಗಿ ಬ್ಯಾರೆ. ನಾರಾಯಣಪುರದ ಕಾಲುವಿ ನೀರು ಬಂದ ಕಡೆ ಭತ್ತ ಅದ. ಭತ್ತಕ್ಕ ಮಣ್ಣು ಅರೆಯೋದೇ ಕೆಲಸ. ಅಲ್ಲಿಗೆ ಬೇಕಾದ ಸಾಮಾನು ಆಗಲೇ ಅದ, ಕೇಜ್ ವೀಲ್. ಟೈರ್ ಬಿಚ್ಚಿ ಹಾಕೋದು ಫುಲ್ ಕೇಜ್, ಟೈರ್ ಪಕ್ಕಕ್ಕ ಬೋಲ್ಟ್ ಮಾಡೋದು ಹಾಫ್ ಕೇಜ್. ನಮ್ಮ ಪಾಲಿನ "ಹಾಫ್ ಟ್ರ್ಯಾಕ್" ಇದೇ ಅನ್ರಿ. ಹಳೇದು ಕೊಂಡ್ರೂ ತಪ್ಪಿಲ್ಲ. ಬೋಲ್ಟ್ ತೂತು ನಿಮ್ಮ ರಿಮ್‌ಗೆ ಕೂಡ್ತಾವೇನು, ರಿಂಗ್ ಗುಂಡಗ ಅದ ಏನು, ಅಡ್ಡಪಟ್ಟಿ ಬೆಸುಗಿ ಬಿಟ್ಟದೇನು ನೋಡ್ರಿ. ಟೈರ್‌ಗಿಂತ ಕೇಜ್ ದೊಡ್ಡದಿದ್ರ ಗಟ್ಟಿ ನೆಲಕ್ಕ ಅದೇ ಮೊದಲು ಬಡೀತದ.

ಒಂದೇ ಕಂಡೀಷನ್: ಡಾಂಬರ್ ಮ್ಯಾಲೆ ಅದನ್ನ ಹಾಕ್ಕೊಂಡು ಬರಬ್ಯಾಡ್ರಿ. ಎಷ್ಟೋ ಹಳ್ಳಿಗೆ ಎಷ್ಟೋ ವರ್ಷಕ್ಕ ಒಮ್ಮೆ ಬಂದ ರಸ್ತಿ, ಒಂದು ಸೀಸನ್‌ನಾಗ ಗೀರು ಬಿದ್ದು ಕಿತ್ತು ಹೋಗ್ತದ. ಭತ್ತದ ಸೀಮಿಯಾಗ ಪೊಲೀಸರು ಇದಕ್ಕ ಕೇಸ್ ಹಾಕ್ತೀವಿ ಅಂತ ಎಚ್ಚರಿಕಿ ಕೊಡೋದು ಪೇಪರ್‌ನಾಗ ಓದಿರ್ತೀರಿ. ಬೋಲ್ಟ್ ಬಿಚ್ಚಲಿಕ್ಕೆ ಬ್ಯಾಸರ ಅಂತ ಊರ ರಸ್ತಿ ಕೆಡಿಸೋದು ನನಗ ಕ್ಷಮಿಸಲಿಕ್ಕೆ ಆಗೂದಿಲ್ಲ.

8/8

ಕೊನೆಗೆ ನಮ್ಮ ಸಬ್ಜೆಕ್ಟ್. ಐದು ಮಂದಿಯ 2 ಲಕ್ಷ. ಈ ಅಂಕಿ ಎಲ್ಲ ಅಂದಾಜಿನವು, ನಿಮ್ಮವು ಹಾಕ್ಕೊಂಡು ನೋಡ್ರಿ. ಬಂಗಾರದ ಸಾಲಕ್ಕ ವರ್ಷಕ್ಕ 12% ಬಡ್ಡಿ ಅಂದ್ರ 24,000. ಚೈನ್ 8 ವರ್ಷ ಬಾಳ್ತದ ಅಂದ್ರ ಡಿಪ್ರಿಸಿಯೇಷನ್ 25,000. ಪಿನ್, ಬೇರಿಂಗ್, ವೆಲ್ಡಿಂಗ್ 15,000. ವರ್ಷಕ್ಕ 64,000 ಫಿಕ್ಸೆಡ್. ಡೀಸೆಲ್, ಡ್ರೈವರ್ ಇನ್ನೂ ಹಿಡಿದಿಲ್ಲ.

ಚೈನ್ ಅದ ಅಂತ ಗಂಟೆಗೆ 300 ರೂಪಾಯಿ ಬಾಡಿಗಿ ಹೆಚ್ಚು ಸಿಕ್ತು ಅನ್ಕೋರಿ. 64,000 ಹುಟ್ಟಲಿಕ್ಕೆ 213 ಗಂಟೆ ಬೇಕು. ದಿನಕ್ಕ 6 ಗಂಟೆ ಅಂದ್ರ 36 ದಿನ. ಟೈರ್ ಗಾಡಿ ಹೋಗಲಾರದಷ್ಟು ಕೆಸರು, ಆದ್ರೂ ಹೊಲದಾಗ ಮಾಡೋ ಕೆಲಸ ಇರೋ ದಿನ 36! ಅಷ್ಟು ಮಳಿ ಬಿದ್ದ ವರ್ಷ ನಿಮ್ಮಪ್ಪನ ತೊಗರಿ ಉಳೀತದೇನು? ಬಾಡಿಗಿ ಕೊಡಲಿಕ್ಕೆ ಪಕ್ಕದ ಹೊಲದವನ ಹತ್ರ ರೊಕ್ಕ ಇರ್ತದೇನು?

"ಚೈನ್ ಹಾರ್ವೆಸ್ಟರ್‌ನವರು ಗಳಿಸ್ತಾರಲ್ಲ" ಅಂತ ಒಬ್ಬ ಕೇಳಿದ. ಗಳಿಸ್ತಾರ. ಅವರು ಸುಗ್ಗಿ ಹಿಂದ ರಾಜ್ಯದಿಂದ ರಾಜ್ಯಕ್ಕ ಲಾರಿ ಮ್ಯಾಲೆ ಮಷೀನ್ ಹೇರಿಕೊಂಡು ತಿರುಗ್ತಾರ, ಗಂಟೆ ತುಂಬಿಸ್ತಾರ. ನೀವು ಎಕ್ಸಾಮ್ ಬಿಟ್ಟು ಹೋಗ್ತೀರೇನು? ಸರ್ಕಾರದ ಸಬ್ಸಿಡಿ ಹೊಸ ಯಂತ್ರಕ್ಕ ಇರ್ತದ, ಇಂಥಾ ಹಳೇ ಸಾಮಾನಿಗೆ ಇಲ್ಲ. ವರ್ಷಕ್ಕ ನಾಕು ದಿನ ಬೇಕಾದ ಯಂತ್ರಕ್ಕ ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಾಗ ಮೊದಲು ವಿಚಾರಿಸ್ರಿ, ಬಾಡಿಗಿಗೆ ಕೊಡಲಿಕ್ಕೇ ಅವು ಇರೋದು.

ಶೋಕಿಗೆ ಬೇಕು, ಹಳೇ ಗಾಡಿ ಅಂದ್ರ ಪ್ರೀತಿ ಅಂತ ತರೋದಾದ್ರ ನನ್ನ ತಕರಾರಿಲ್ಲ. ಸ್ವಂತ ದುಡಿದ ರೊಕ್ಕದಾಗ ತರ್ರಿ. ಎರಡೂ ಕಡೆ ಕೀಲು ಎಣಿಸಿ ಸಮ ಅದಾವೇನು ನೋಡ್ರಿ. ಪಿನ್ ಹಿಡಿದು ಅಲ್ಲಾಡಿಸ್ರಿ, ಸಣ್ಣ ಗಾಲಿ ತಿರುಗಿಸಿ ಬೇರಿಂಗ್ ಸಪ್ಪಳ ಕೇಳ್ರಿ. ನಮ್ಮ ಹಳೇ ಗಾಡಿಗಳ ಹಿಂದಿನ ರಿಮ್ ಹೆಚ್ಚಾಗಿ 28 ಇಂಚು. 36 ಇಂಚಿನ ಗಾಲಿಗೆ ಮಾಡಿದ ಸೆಟ್ ಎಷ್ಟು ಸಸ್ತಾ ಸಿಕ್ರೂ ಅದು ನಿಮಗ ಗುಜರಿ. ಹಡಗಿನ ಬಾಡಿಗಿ, ಕಸ್ಟಮ್ಸ್ ಕೂಡಿಸದೇ ರೇಟ್ ಮಾತಾಡಬ್ಯಾಡ್ರಿ.

ಐದು ಮಂದಿಯೊಳಗ ಅಫಜಲಪುರದವನಿಗೆ ಒಂದು ಕೆಲಸ: ಈ ರವಿವಾರ ಪಂಕ್ಚರ್ ಅಂಗಡಿಯ ಗೇಜ್ ತಗೊಂಡು ನಿಮ್ಮ ಕಬ್ಬಿನ ಟ್ರಾಲಿ ನಾಕೂ ಟೈರ್‌ನ ಪಿಎಸ್‌ಐ ನೋಡಿ ಕಾಮೆಂಟ್‌ನಾಗ ಹಾಕು. ಬ್ಯಾರೆಯವರೂ ಹಾಕ್ರಿ. 14.2ರಿಂದ ಭಾಗಿಸಿದ್ರ ಚದರ ಸೆಂ.ಮೀ.ಗೆ ಎಷ್ಟು ಕೆಜಿ ಅಂತ ಬರ್ತದ. ಬಂದ ಅಂಕಿ ಎಲ್ಲ ಸೇರಿಸಿ ಮುಂದಿನ ಪೋಸ್ಟ್‌ನಾಗ ಟೇಬಲ್ ಹಾಕ್ತೀನಿ.

#ಆಳಂದ #ಅಫಜಲಪುರ #ಜೇವರ್ಗಿ #ಎರಿಹೊಲ #ಹಳೇಟ್ರ್ಯಾಕ್ಟರ್